ಹಳೇ ಕಂಪ್ಯೂಟರ್ ನಿಧಾನವಾಗಿದೆಯಾ? ಫಾರ್ಮ್ಯಾಟ್ ಮಾಡಿಸುವ ಮುಂಚೆ ಇಷ್ಟು ನೋಡಿ

ಕಂಪ್ಯೂಟರ್ ಸ್ಲೋ ಆಗಿದೆ ಎಂದು ಅಂಗಡಿಗೆ ಹೋದರೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ‘ಫಾರ್ಮ್ಯಾಟ್ ಹೊಡೆದುಬಿಡೋಣ’ ಅಥವಾ ‘ತುಂಬಾ ಹಳೇದಾಯ್ತು, ಹೊಸದು ತಗೊಳ್ಳಿ’. ಎರಡೂ ಕೆಲವು ಸಲ ಸರಿಯೇ. ಆದರೆ ಯಾಕೆ ನಿಧಾನವಾಗಿದೆ ಎಂದು ನೋಡುವ ಮುಂಚೆಯೇ ಈ ಮಾತು ಬಂದರೆ ಒಪ್ಪಬೇಡಿ. ನಿಧಾನವಾದ ಕಂಪ್ಯೂಟರ್ ಯಾವುದಕ್ಕೋ ಕಾಯುತ್ತಿರುತ್ತದೆ. ಡಿಸ್ಕಿಗೆ, ರ‍್ಯಾಮಿಗೆ, ಪ್ರೊಸೆಸರಿಗೆ, ಇಲ್ಲವೇ ನೆಟ್ಟಿಗೆ. ಯಾವುದಕ್ಕೆ ಎಂದು ಕಂಡುಹಿಡಿಯಲು ದುಡ್ಡು ಬೇಡ, ಸ್ಕ್ರೂಡ್ರೈವರೂ ಬೇಡ. ಅರ್ಧ ಗಂಟೆ ತಾಳ್ಮೆ ಸಾಕು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು 2014ರ ಆಸುಪಾಸಿನ ಲ್ಯಾಪ್‌ಟಾಪ್. ಇಂಟೆಲ್ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಬರುವಾಗ ವಿಂಡೋಸ್ 8.1 ಇತ್ತು, ಆಮೇಲೆ ವಿಂಡೋಸ್ 10 ಆಯಿತು. ನನ್ನ ಅತ್ತಿಗೆಯ ಬಳಿ ಇರುವುದೂ ಇಂಥದ್ದೇ. ಅವರು ಮನೆಯಲ್ಲೇ ಕೂತು ಶಾಲೆಯ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಾರೆ. ಅಕ್ಕಪಕ್ಕದವರಿಗೆ ಪಹಣಿ ತೆಗೆದುಕೊಡುತ್ತಾರೆ, ಅರ್ಜಿ ತುಂಬಿಕೊಡುತ್ತಾರೆ. ಇಷ್ಟು ಕೆಲಸಕ್ಕೆ ಆ ಪ್ರೊಸೆಸರ್ ಇವತ್ತಿಗೂ ಧಾರಾಳವಾಗಿ ಸಾಕು. ತೊಂದರೆ ಇರುವುದು ಬೇರೆ ಕಡೆ. ಡೆಸ್ಕ್‌ಟಾಪ್ ಇರುವವರಿಗೂ ಇಲ್ಲಿನ ಬಹುತೇಕ ಮಾತು ಹೊಂದುತ್ತದೆ.

ಮೊದಲು ಫೈಲ್ ಕಾಪಾಡಿ

ಪರೀಕ್ಷೆ ಶುರು ಮಾಡುವ ಮುಂಚೆ ಬೇಕಾದ ಫೋಟೊ, ಬರಹ, ಲೆಕ್ಕ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕಿಗೋ ಪೆನ್‌ಡ್ರೈವಿಗೋ ಕಾಪಿ ಮಾಡಿ. ನಿಧಾನವಾಗಿರುವ ಹಳೇ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಸಾಯುವ ಹಂತದಲ್ಲಿರಬಹುದು. ಅಂಥ ಡಿಸ್ಕಿನ ಮೇಲೆ ವೈರಸ್ ಸ್ಕ್ಯಾನ್, ಡಿಫ್ರ್ಯಾಗ್, ಚೆಕ್‌ಡಿಸ್ಕ್ ಎಂದು ಗಂಟೆಗಟ್ಟಲೆ ಓಡಿಸಿದರೆ ಉಳಿದ ಆಯಸ್ಸೂ ಮುಗಿಯಬಹುದು.

ಒಂದು ಲಕ್ಷಣ ಕಂಡರೆ ಮಾತ್ರ ಈ ಬರಹ ಇಲ್ಲಿಗೇ ನಿಲ್ಲಿಸಿ. ಡಿಸ್ಕ್ ಇರುವ ಜಾಗದಿಂದ ‘ಟಕ್, ಟಕ್’ ಎಂದು ಒಂದೇ ಸಮನೆ ಸದ್ದು ಬರುತ್ತಿದ್ದರೆ ಕಂಪ್ಯೂಟರ್ ಆಫ್ ಮಾಡಿ. ಒಳಗೆ ಓದುವ ಹೆಡ್ಡು ತನ್ನ ಜಾಗ ಹುಡುಕಿ ಹುಡುಕಿ ಸೋಲುತ್ತಿದೆ ಎಂದರ್ಥ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಅದರಲ್ಲಿ ಬೇರೆಲ್ಲೂ ಇಲ್ಲದ ಫೈಲ್ ಇದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಬೇಕು.

ಯಾವಾಗ ನಿಧಾನ?

‘ಯಾವಾಗಲೂ ಸ್ಲೋ’ ಎನ್ನುತ್ತಾರೆ. ಆದರೆ ಸ್ವಲ್ಪ ಕೇಳಿದರೆ ನಿಜ ಬೇರೆ ಇರುತ್ತದೆ. ಆನ್ ಮಾಡಿದ ಮೇಲೆ ಮೊದಲ ಹತ್ತು ನಿಮಿಷ ಒದ್ದಾಡಿ ಆಮೇಲೆ ಸರಿಹೋಗುತ್ತದೆಯಾ? ಹಾಗಿದ್ದರೆ ಡಿಸ್ಕ್ ಮತ್ತು ಆರಂಭದಲ್ಲೇ ಎದ್ದು ಕೂರುವ ಸಾಫ್ಟ್‌ವೇರ್‌ಗಳನ್ನು ನೋಡಬೇಕು. ಇದಕ್ಕೆ ತದ್ವಿರುದ್ಧವಾಗಿ ಮೊದಲು ಚೆನ್ನಾಗಿದ್ದು ಕಾಲು ಗಂಟೆಯ ಮೇಲೆ ಕುಂಟತೊಡಗಿದರೆ ಬಿಸಿಯ ಕಡೆ ಅನುಮಾನ. ನಾಲ್ಕೈದು ಟ್ಯಾಬ್ ತೆರೆದಾಗ ಮಾತ್ರ ಹ್ಯಾಂಗ್ ಆದರೆ ರ‍್ಯಾಮ್. ನೋಟ್‌ಪ್ಯಾಡ್, ಕ್ಯಾಲ್ಕುಲೇಟರ್ ತಟ್ಟನೆ ತೆರೆದುಕೊಂಡು ವೆಬ್‌ಸೈಟ್ ಮಾತ್ರ ಸುತ್ತುತ್ತಾ ಕೂತರೆ ಅದು ಕಂಪ್ಯೂಟರಿನ ತಪ್ಪೇ ಅಲ್ಲ, ನೆಟ್ಟಿನದು. ನಿನ್ನೆವರೆಗೆ ಚೆನ್ನಾಗಿದ್ದದ್ದು ಇವತ್ತು ಇದ್ದಕ್ಕಿದ್ದಂತೆ ಕೆಟ್ಟರೆ ಈ ನಡುವೆ ಏನು ಹಾಕಿದಿರಿ, ಏನು ಅಪ್‌ಡೇಟ್ ಆಯಿತು ಎಂದು ನೆನಪಿಸಿಕೊಳ್ಳಿ.

ಇನ್ನೊಂದು ವಿಷಯ. ದಿನಾ ಶಟ್‌ಡೌನ್ ಮಾಡುತ್ತೇನೆ, ಹಾಗಾಗಿ ದಿನಾ ಹೊಸದಾಗಿ ಶುರುವಾಗುತ್ತದೆ ಎಂದುಕೊಂಡಿರುತ್ತೀರಿ, ಅಲ್ವಾ? ವಿಂಡೋಸ್ 8ರಿಂದ ಈಚೆಗೆ ಹಾಗಿಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸಿನ ಒಳಭಾಗ ಹಾಗೆಯೇ ಡಿಸ್ಕಿನಲ್ಲಿ ಉಳಿದು, ಮಾರನೇ ದಿನ ಅಲ್ಲಿಂದಲೇ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲ ಮೊದಲಿಂದ ಶುರುವಾಗುತ್ತದೆ. ಮುಂದೆ ಹೇಳುವ ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು (ಪ್ರೊಸೆಸರ್) ಪುಟದ ‘ಅಪ್ ಟೈಮ್’ ನೋಡಿದರೆ ವಾರಗಟ್ಟಲೆ ಲೆಕ್ಕ ತೋರಿಸುತ್ತಿರುತ್ತದೆ. ಆದ್ದರಿಂದ ಮುಂದಿನದು ಓದುವ ಮುಂಚೆ ಒಮ್ಮೆ ರೀಸ್ಟಾರ್ಟ್ ಮಾಡಿ, ಹತ್ತು ನಿಮಿಷ ಏನೂ ಮುಟ್ಟದೆ ಬಿಡಿ. ಬಾಕಿ ಇದ್ದ ಅಪ್‌ಡೇಟ್ ಮುಗಿದು ಅಷ್ಟಕ್ಕೇ ಸರಿಹೋಗುವುದೂ ಉಂಟು.

ಟಾಸ್ಕ್ ಮ್ಯಾನೇಜರ್ ಏನು ಹೇಳುತ್ತದೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಚಿಕ್ಕ ಕಿಟಕಿ ಬಂದರೆ ‘ಮೋರ್ ಡೀಟೇಲ್ಸ್’ ಒತ್ತಿ, ಆಮೇಲೆ ‘ಪರ್ಫಾರ್ಮೆನ್ಸ್’ ಪುಟಕ್ಕೆ ಹೋಗಿ. ಎಡಗಡೆ ಸಿಪಿಯು, ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್, ನೆಟ್ ನಾಲ್ಕೂ ಕಾಣುತ್ತವೆ. ಇದನ್ನು ತೆರೆದಿಟ್ಟುಕೊಂಡೇ ನಿಮ್ಮ ಮಾಮೂಲಿ ಕೆಲಸ ಮಾಡಿ. ಕಂಪ್ಯೂಟರ್ ಹ್ಯಾಂಗ್ ಆದ ಹೊತ್ತಿನಲ್ಲಿ ಯಾವುದು ಶೇಕಡ 100ರ ಹತ್ತಿರ ಇದೆ ಎಂದು ನೋಡುವುದೇ ಮುಖ್ಯ. ಸುಮ್ನೆ ಕೂತಿರುವಾಗಿನ ಅಂಕಿ ನೋಡಿ ಪ್ರಯೋಜನವಿಲ್ಲ.

ಹಳೇ ಲ್ಯಾಪ್‌ಟಾಪಿನಲ್ಲಿ ಬಹುತೇಕ ಕಾಣುವುದು ಡಿಸ್ಕ್ 100. ಆದ್ದರಿಂದ ಅಲ್ಲೇ ಸ್ವಲ್ಪ ನಿಲ್ಲೋಣ.

ಡಿಸ್ಕ್ 100 ಎಂದರೆ ಮೂರು ಅರ್ಥ

ಆಗಿನ ಲ್ಯಾಪ್‌ಟಾಪುಗಳಲ್ಲಿ ಇರುತ್ತಿದ್ದದ್ದು ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಒಂದು ಸುತ್ತಿಗೇ ಸುಮಾರು 11 ಮಿಲಿಸೆಕೆಂಡ್ ಬೇಕು. ಹೆಡ್ಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಇನ್ನಷ್ಟು. ಅಂದರೆ ಡಿಸ್ಕಿನ ಬೇರೆ ಬೇರೆ ಮೂಲೆಯಲ್ಲಿರುವ ಚಿಕ್ಕ ಚಿಕ್ಕ ಫೈಲುಗಳನ್ನು ಓದುವಾಗ ಸೆಕೆಂಡಿಗೆ ನೂರು ಓದು ದಾಟುವುದೂ ಕಷ್ಟ. ದೊಡ್ಡ ಸಿನಿಮಾ ಫೈಲ್ ಕಾಪಿ ಮಾಡುವಾಗ ಇದೇ ಡಿಸ್ಕ್ ಸೆಕೆಂಡಿಗೆ 100 ಎಂಬಿ ಹತ್ತಿರ ಓಡುತ್ತದೆ, ಯಾಕೆಂದರೆ ಅಲ್ಲಿ ಎಲ್ಲ ಸಾಲಾಗಿ ಇರುತ್ತದೆ. ಆದರೆ ವಿಂಡೋಸ್ 10 ಎದ್ದು ಬರುವಾಗ ಬೇಕಾಗುವುದು ಸಾವಿರಾರು ಚಿಕ್ಕ ಓದುಗಳು. ಆ್ಯಂಟಿವೈರಸ್, ಅಪ್‌ಡೇಟ್, ಹುಡುಕಾಟದ ಇಂಡೆಕ್ಸ್ ಎಲ್ಲವೂ ಅದೇ ಹೊತ್ತಿಗೆ ಸರದಿಯಲ್ಲಿ ನಿಲ್ಲುತ್ತವೆ. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಹಾಗಾಗಿ ಇಂಥ ಚಿಕ್ಕ ಓದುಗಳು ಸೆಕೆಂಡಿಗೆ ಸಾವಿರಗಟ್ಟಲೆ ಆಗುತ್ತವೆ.

ಡಿಸ್ಕ್ ಪುಟದಲ್ಲಿ ‘ಆ್ಯಕ್ಟಿವ್ ಟೈಮ್’ ಒಂದನ್ನೇ ನೋಡಬೇಡಿ. ಕೆಳಗಿರುವ ಓದುವ, ಬರೆಯುವ ವೇಗವನ್ನೂ ‘ಆವರೇಜ್ ರೆಸ್ಪಾನ್ಸ್ ಟೈಮ್’ ಅನ್ನೂ ಜೊತೆಗೆ ನೋಡಿ.

ಆ್ಯಕ್ಟಿವ್ ಟೈಮ್ 100, ವೇಗ ಹತ್ತಾರು ಎಂಬಿ ಇದ್ದರೆ ಯಾವುದೋ ಸಾಫ್ಟ್‌ವೇರ್ ನಿಜವಾಗಿಯೂ ಕೆಲಸ ಮಾಡುತ್ತಿದೆ. ‘ಪ್ರೊಸೆಸಸ್’ ಪುಟಕ್ಕೆ ಹೋಗಿ ಡಿಸ್ಕ್ ಎಂಬ ತಲೆಬರಹದ ಮೇಲೆ ಒತ್ತಿದರೆ ಯಾವುದು ಎಂದು ಮೇಲೆ ಬರುತ್ತದೆ. ಡಿಫೆಂಡರಿನ (ವಿಂಡೋಸಿನದೇ ಆ್ಯಂಟಿವೈರಸ್) ಸ್ಕ್ಯಾನ್ ಅಥವಾ ಅಪ್‌ಡೇಟ್ ಆಗಿದ್ದರೆ ಮುಗಿಯಲು ಬಿಡಿ.

ಆ್ಯಕ್ಟಿವ್ ಟೈಮ್ 100, ವೇಗ ಮಾತ್ರ ಒಂದೆರಡು ಎಂಬಿ, ರೆಸ್ಪಾನ್ಸ್ ಟೈಮ್ ಕೆಲವು ನೂರು ಮಿಲಿಸೆಕೆಂಡ್. ಇದು ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ 10 ಓಡಿಸಿದಾಗ ಕಾಣುವ ಮಾಮೂಲಿ ಚಿತ್ರ. ಡಿಸ್ಕ್ ಕೆಟ್ಟಿಲ್ಲ. ಅದರ ಕೈಲಿ ಆಗುವುದೇ ಅಷ್ಟು.

ಆ್ಯಕ್ಟಿವ್ ಟೈಮ್ 100, ವೇಗ ಸೊನ್ನೆ ಅಥವಾ ಕೆಲವು ಕೆಬಿ, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್. ಮೌಸ್ ಓಡಾಡುತ್ತದೆ, ಆದರೆ ಯಾವುದನ್ನು ಒತ್ತಿದರೂ ಅರ್ಧ ನಿಮಿಷ ಜೀವ ಇಲ್ಲ. ಇದು ಅಪಾಯ. ಕೆಟ್ಟ ಜಾಗವನ್ನು ಡಿಸ್ಕ್ ಮತ್ತೆ ಮತ್ತೆ ಓದಲು ನೋಡುತ್ತಿದೆ.

ಮೂರನೆಯದು ಹೌದೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕವನ್ನು ಅದು ತೋರಿಸುತ್ತದೆ. ‘ಗುಡ್’ ಎಂದು ನೀಲಿ ಬಣ್ಣದಲ್ಲಿ ಬಂದರೆ ಸದ್ಯಕ್ಕೆ ಪರವಾಗಿಲ್ಲ. ‘ಕಾಷನ್’ ಎಂದು ಹಳದಿ ಬಂದರೆ ಮೂರು ಸಾಲು ನೋಡಿ. 05 ಎಂಬ ಸಾಲು ಈಗಾಗಲೇ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ (ಡಿಸ್ಕಿನ ಚಿಕ್ಕ ಚಿಕ್ಕ ಭಾಗಗಳ) ಲೆಕ್ಕ. ಸಿ5 ಎಂದರೆ ಓದಲು ಆಗದೆ ಕಾಯುತ್ತಿರುವ ಸೆಕ್ಟರ್‌ಗಳು. ಸಿ6 ಎಂದರೆ ಸರಿಪಡಿಸಲು ಆಗದವು. ಈ ಮೂರರ ‘ರಾ’ ಅಂಕಿ ಸೊನ್ನೆ ಇರಬೇಕು. ಸಿ5ರಲ್ಲಿ ಏನಾದರೂ ಇದ್ದರೆ ಫೈಲ್ ತೆಗೆದುಕೊಂಡು ಆ ಡಿಸ್ಕ್ ಬದಲಿಸಿ. ಅಂಥ ಡಿಸ್ಕಿನ ಮೇಲೆ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕುವುದು ದುಡ್ಡು ದಂಡ. ಕೆಲವು ವಾರ ಚೆನ್ನಾಗಿ ಓಡಬಹುದು, ಆಮೇಲೆ ಮತ್ತೆ ಅದೇ ಕಥೆ.

ಡಿಸ್ಕ್ ತುಂಬಿ ಹೋಗಿದ್ದರೂ ವಿಂಡೋಸ್ ಒದ್ದಾಡುತ್ತದೆ. ಸಿ ಡ್ರೈವಿನಲ್ಲಿ ಏನಿಲ್ಲವೆಂದರೂ ಹತ್ತರಲ್ಲಿ ಒಂದು ಪಾಲು ಖಾಲಿ ಇರಲಿ. ಮೊದಲು ಡೌನ್‌ಲೋಡ್ಸ್ ಫೋಲ್ಡರ್ ನೋಡಿ. ಒಂದೇ ಪಿಡಿಎಫ್ ಹತ್ತು ಸಲ ಇಳಿದು ಕೂತಿರುತ್ತದೆ.

ರ‍್ಯಾಮ್

ಡಿಸ್ಕ್ 100 ಇದ್ದಾಗ ಮೆಮೊರಿಯನ್ನೂ ನೋಡಲೇಬೇಕು. ರ‍್ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿದ್ದದ್ದನ್ನು ಡಿಸ್ಕಿಗೆ ಬರೆದು ಜಾಗ ಮಾಡಿಕೊಳ್ಳುತ್ತದೆ. ಮತ್ತೆ ಬೇಕಾದಾಗ ಓದಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಡಿಸ್ಕಿನ ತೊಂದರೆ, ಒಳಗೆ ರ‍್ಯಾಮಿನ ಕೊರತೆ.

ಪರೀಕ್ಷೆ ಸುಲಭ. ಹ್ಯಾಂಗ್ ಆದಾಗ ಮೆಮೊರಿ 90 ದಾಟಿದೆಯಾ ನೋಡಿ. ದಾಟಿದ್ದರೆ ಬ್ರೌಸರ್ ಪೂರ್ತಿ ಮುಚ್ಚಿ ಎರಡು ನಿಮಿಷ ಕಾಯಿರಿ. ಡಿಸ್ಕ್ ಶಾಂತವಾದರೆ ರ‍್ಯಾಮೇ ಕಾರಣ. ಮೆಮೊರಿ 50, 60ರಲ್ಲೇ ಇದ್ದು ಡಿಸ್ಕ್ 100 ಇದ್ದರೆ ಹೊಸ ರ‍್ಯಾಮ್ ಹಾಕಿ ಏನೂ ಉಪಯೋಗವಿಲ್ಲ. ಸ್ಲೋ ಎಂದ ತಕ್ಷಣ ರ‍್ಯಾಮ್ ಹಾಕಿಸಿ ಬೇಸರಪಟ್ಟವರು ಬಹಳ ಜನ ಇದ್ದಾರೆ.

4 ಜಿಬಿಯಲ್ಲಿ ಒಂದೂವರೆ, ಎರಡು ಜಿಬಿ ವಿಂಡೋಸಿಗೇ ಹೋಗುತ್ತದೆ. ಉಳಿದದ್ದರಲ್ಲಿ ವರ್ಡ್ ಮತ್ತು ನಾಲ್ಕೈದು ಟ್ಯಾಬ್ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ 8 ಜಿಬಿ ಬೇಕು. ಮೆಮೊರಿ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್’ ಎಂದಿರುತ್ತದೆ. ಎರಡರಲ್ಲಿ ಒಂದು ಎಂದಿದ್ದರೆ ಇನ್ನೊಂದು ಖಾಲಿ ಇದೆ, 4 ಜಿಬಿ ತಂದು ಹಾಕಬಹುದು. ತರುವಾಗ ಜೋಪಾನ. ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ. ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪುಗಳಿಗೆ ಹೆಚ್ಚಾಗಿ ಬೇಕಾಗುವುದು 1.35 ವೋಲ್ಟಿನ ಡಿಡಿಆರ್3ಎಲ್. ನೋಡಲು ಒಂದೇ ಥರ ಇರುವ 1.5 ವೋಲ್ಟಿನ ಡಿಡಿಆರ್3 ಹಾಕಿದರೆ ಆನ್ ಆಗದೇ ಇರಬಹುದು. ಹಳೇ ರ‍್ಯಾಮ್ ಬಿಚ್ಚಿ ಅದರ ಮೇಲಿನ ಸ್ಟಿಕ್ಕರಿನ ಫೋಟೊ ತೆಗೆದುಕೊಂಡು ಹೋಗಿ. ಪಿಸಿ3ಎಲ್ ಎಂದಿದ್ದರೆ ಅದನ್ನೇ ಕೇಳಿ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಸಿಗುತ್ತದೆ. ರ‍್ಯಾಮ್ ಮಟ್ಟಿಗೆ ಸೆಕೆಂಡ್ ಹ್ಯಾಂಡ್ ಪರವಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಮಾತ್ರ ಎಂದಿಗೂ ಹಾಗೆ ತರಬೇಡಿ.

ರ‍್ಯಾಮ್ ಕ್ಲೀನರ್, ಸ್ಪೀಡ್ ಬೂಸ್ಟರ್, ರಿಜಿಸ್ಟ್ರಿ ಕ್ಲೀನರ್ ಎಂಬ ಹೆಸರಿನವು ಏನಾದರೂ ಇದ್ದರೆ ತೆಗೆದುಹಾಕಿ. ಇರುವ ರ‍್ಯಾಮಿನಲ್ಲಿ ಅವೇ ಒಂದು ಪಾಲು ತಿನ್ನುತ್ತವೆ.

ಸಿಪಿಯು: ಬಿಸಿ, ಚಾರ್ಜರ್, ಕಳ್ಳ ಸಾಫ್ಟ್‌ವೇರ್

ಸಿಪಿಯು ಪುಟದಲ್ಲಿ ಎರಡು ಅಂಕಿ ಹೋಲಿಸಬೇಕು. ‘ಬೇಸ್ ಸ್ಪೀಡ್’ ಮತ್ತು ಈಗಿನ ‘ಸ್ಪೀಡ್’. ಕೆಲಸ ಇಲ್ಲದಾಗ ಸ್ಪೀಡ್ ಇಳಿಯುವುದು ಸಹಜ. ಆದರೆ ಬೇಸ್ 1.7 ಗಿಗಾಹರ್ಟ್ಸ್ ಇದ್ದು, ಕೆಲಸ ಜಾಸ್ತಿ ಇರುವಾಗಲೂ ಸ್ಪೀಡ್ 0.8ರ ಮೇಲೆ ಏಳದೆ ಕೂತಿದ್ದರೆ ಯಾವುದೋ ಅದನ್ನು ಹಿಡಿದು ನಿಲ್ಲಿಸಿದೆ. ಮೊದಲು ಪವರ್ ಸೆಟ್ಟಿಂಗಿನಲ್ಲಿ ‘ಪವರ್ ಸೇವರ್’ ಆಗಿದೆಯಾ ನೋಡಿ. ಆಗಿದ್ದರೆ ‘ಬ್ಯಾಲೆನ್ಸ್ಡ್’ ಮಾಡಿ.

ಆಮೇಲೆ ಚಾರ್ಜರ್. ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಕೆಲವು ಕಂಪನಿಗಳ ಲ್ಯಾಪ್‌ಟಾಪುಗಳು ತಮ್ಮದೇ ಚಾರ್ಜರನ್ನು ಗುರುತಿಸುತ್ತವೆ. ಪಿನ್ನಿನ ಒಳಗಿನ ತೆಳು ತಂತಿ ಕಡಿದಿದ್ದರೆ ಅಥವಾ ಬೇರೆ ಯಾವುದೋ ಅಗ್ಗದ ಚಾರ್ಜರ್ ಹಾಕಿದ್ದರೆ ಅದಕ್ಕೆ ಗುರುತು ಸಿಗುವುದಿಲ್ಲ. ಆಗ ಪ್ರೊಸೆಸರನ್ನು ತೀರಾ ಕಡಿಮೆ ವೇಗಕ್ಕೆ ಕಟ್ಟಿಹಾಕುತ್ತದೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸ್ಪೀಡ್ ತಟ್ಟನೆ ಮೇಲೆ ಬಂದರೆ ಚಾರ್ಜರ್ ಬದಲಿಸಬೇಕು ಅಷ್ಟೇ. ಬೇರೇನೂ ಮುಟ್ಟಬೇಡಿ.

ಚಾರ್ಜರ್ ಸರಿಯಿದ್ದು, ಫ್ಯಾನ್ ಜೋರಾಗಿ ಕೂಗುತ್ತಾ ಇದ್ದರೆ ಬಿಸಿ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಡಿಗ್ರಿ ನೋಡಬಹುದು. ಬ್ರೌಸರ್ ತೆರೆದು ಸಾಧಾರಣ ಕೆಲಸ ಮಾಡುವಾಗಲೇ 90 ದಾಟುತ್ತಿದ್ದರೆ ಒಳಗೆ ಧೂಳು ಕಟ್ಟಿದೆ ಅಥವಾ ಪ್ರೊಸೆಸರಿಗೂ ತಾಮ್ರದ ಪೈಪಿಗೂ ನಡುವೆ ಇರುವ ಥರ್ಮಲ್ ಪೇಸ್ಟ್ ಒಣಗಿದೆ. ಹತ್ತು ವರ್ಷದ ಲ್ಯಾಪ್‌ಟಾಪಿನಲ್ಲಿ ಎರಡೂ ಇರಬಹುದು. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಅಲ್ಲಿ ಚಳಿಗಾಲದಲ್ಲಿ ಚೆನ್ನಾಗಿದ್ದ ಯಂತ್ರ ಏಪ್ರಿಲಿನಲ್ಲಿ ಕುಂಟಿದರೆ ಹಾರ್ಡ್‌ವೇರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹಾಸಿಗೆ, ದಿಂಬಿನ ಮೇಲೆ ಇಟ್ಟುಕೊಂಡು ಕೆಲಸ ಮಾಡುವವರು ಮೊದಲು ಅದನ್ನು ಮೇಜಿನ ಮೇಲೆ ಇಟ್ಟು ನೋಡಿ. ಕೆಳಗಿನ ಗಾಳಿಕಿಂಡಿ ಮುಚ್ಚಿದರೆ ಯಾವ ಲ್ಯಾಪ್‌ಟಾಪೂ ತಡೆಯುವುದಿಲ್ಲ. ಧೂಳು ಊದಿಸುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯಿಂದ ತಡೆಹಿಡಿಯಿರಿ. ಗಾಳಿಯ ರಭಸಕ್ಕೆ ಅದು ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಕೆಡುತ್ತದೆ.

ಸ್ಪೀಡ್ ಪೂರ್ತಿ ಇದೆ, ಆದರೂ ಸಿಪಿಯು 100ರಲ್ಲೇ ನಿಂತಿದೆ ಎಂದಾದರೆ ‘ಪ್ರೊಸೆಸಸ್’ ಪುಟದಲ್ಲಿ ಯಾರು ತಿನ್ನುತ್ತಿದ್ದಾರೆ ನೋಡಿ. ಎರಡು ಆ್ಯಂಟಿವೈರಸ್ ಇರುವುದು ಒಂದು ಸಾಮಾನ್ಯ ಕಾರಣ. ಅವಧಿ ಮುಗಿದ ಆ್ಯಂಟಿವೈರಸ್ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ, ವಿಂಡೋಸಿನ ಡಿಫೆಂಡರ್ ಒಂದೇ ಸಾಕು. ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ 100ರಿಂದ ಸೀದಾ ಕೆಳಗಿಳಿದು, ಮುಚ್ಚಿದ ಮೇಲೆ ಫ್ಯಾನ್ ಮತ್ತೆ ಕೂಗತೊಡಗಿದರೆ ನಿಮ್ಮ ಪ್ರೊಸೆಸರ್ ಬಳಸಿ ಬೇರೆಯವರಿಗೆ ಕ್ರಿಪ್ಟೊ ಹಣ ದುಡಿದುಕೊಡುವ ಕಳ್ಳ ಸಾಫ್ಟ್‌ವೇರ್ ಇರಬಹುದು. ಕೆಲವು ಹೀಗೆ ಅಡಗಿಕೊಳ್ಳುತ್ತವೆ. ಡಿಫೆಂಡರಿನ ‘ಆಫ್‌ಲೈನ್ ಸ್ಕ್ಯಾನ್’ ಓಡಿಸಿ. ಅದು ವಿಂಡೋಸ್ ಪೂರ್ತಿ ಏಳುವ ಮುಂಚೆ ಹುಡುಕುತ್ತದೆ.

ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ‘ಹೈ’ ಎಂದಿರುವವುಗಳಲ್ಲಿ ಗುರುತು ಇರುವ, ಬೇಡದ ಸಾಫ್ಟ್‌ವೇರುಗಳನ್ನು ಡಿಸೇಬಲ್ ಮಾಡಿ. ಗುರುತಿಲ್ಲದ್ದನ್ನು ಸುಮ್ನೆ ಬಿಡಿ.

ವಿಡಿಯೊ ಮಾತ್ರ ಎಳೆದಾಡಿದರೆ

ವರ್ಡ್ ಸರಿ, ವೆಬ್‌ಸೈಟೂ ಸರಿ, ಯೂಟ್ಯೂಬ್ ಮಾತ್ರ ತುಂಡು ತುಂಡಾಗಿ ಓಡುತ್ತದೆ ಎಂದರೆ ಕಾರಣ ಬೇರೆ. ವಿಡಿಯೊದ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಒತ್ತಿ. ‘ಕೋಡೆಕ್ಸ್’ ಸಾಲಿನಲ್ಲಿ ವಿಪಿ09 ಅಥವಾ ಎವಿ01 ಎಂದಿದ್ದರೆ, ಆ ಬಗೆಯ ವಿಡಿಯೊ ಬಿಡಿಸುವ ಪೂರ್ತಿ ವ್ಯವಸ್ಥೆ ಆ ಕಾಲದ ಚಿಪ್ಪಿನೊಳಗೆ ಇಲ್ಲ. ಹೆಚ್ಚಿನ ಹೊರೆ ಪ್ರೊಸೆಸರಿನ ಮೇಲೆ ಬೀಳುತ್ತದೆ. ಎವಿಸಿ1 ಎಂದಿದ್ದರೆ ಚಿಪ್ಪೇ ಸಲೀಸಾಗಿ ಬಿಡಿಸುತ್ತದೆ. ಎಚ್264ಇಫೈ ಎಂಬ ಚಿಕ್ಕ ಎಕ್ಸ್‌ಟೆನ್ಷನ್ ಬ್ರೌಸರಿಗೆ ಹಾಕಿದರೆ ಯೂಟ್ಯೂಬ್ ಎವಿಸಿ1 ರೂಪದಲ್ಲೇ ಕಳಿಸುತ್ತದೆ. ಅದರ ಜೊತೆ ಗುಣಮಟ್ಟವನ್ನು 480 ಅಥವಾ 720ಕ್ಕೆ ಇಳಿಸಿ. ಈ ಪರದೆಗೆ ಅಷ್ಟು ಸಾಕು. ಮಕ್ಕಳ ಪಾಠದ ವಿಡಿಯೊಗೆಂದು ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಮೊದಲು ಇದನ್ನು ಮಾಡಿ ನೋಡಬೇಕೆಂದು ನಾನು ಬಲವಾಗಿ ಹೇಳುತ್ತೇನೆ.

ನೆಟ್ ಅನುಮಾನ ಇದ್ದರೆ ಅದೇ ವೈಫೈನಲ್ಲಿ ಅದೇ ವೆಬ್‌ಸೈಟನ್ನು ಮೊಬೈಲಿನಲ್ಲಿ ತೆರೆಯಿರಿ. ಅಲ್ಲೂ ನಿಧಾನವಾದರೆ ಲೈನು ಅಥವಾ ಆ ವೆಬ್‌ಸೈಟು. ಮೊಬೈಲಿನಲ್ಲಿ ಬೇಗ ಬಂದು ಲ್ಯಾಪ್‌ಟಾಪಿನಲ್ಲಿ ಬಾರದಿದ್ದರೆ, ಮೊಬೈಲನ್ನು ಕೇಬಲ್ಲಿನಲ್ಲಿ ಜೋಡಿಸಿ ನೆಟ್ ಕೊಟ್ಟು ನೋಡಿ. ಆಗ ಸರಿಹೋದರೆ ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಸೋತಿದೆ. ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಿದರೆ ಆಯಿತು.

ಡೆಸ್ಕ್‌ಟಾಪಿನಲ್ಲಿ ಯಾವ ವೆಬ್‌ಸೈಟ್ ತೆರೆದರೂ ‘ಸುರಕ್ಷಿತವಲ್ಲ’ ಎಂದು ತಡೆಯುತ್ತಿದ್ದರೆ ಮೂಲೆಯ ಗಡಿಯಾರ ನೋಡಿ. ತಾರೀಖು ವರ್ಷಗಳ ಹಿಂದೆ ಹೋಗಿದ್ದರೆ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಮುಗಿದಿದೆ. ಸಿಆರ್2032 ಎಂದು ಕೇಳಿ ತನ್ನಿ.

ಇನ್ನೂ ಗೊತ್ತಾಗದಿದ್ದರೆ ಲಿನಕ್ಸ್ ಪೆನ್‌ಡ್ರೈವ್

ಕಂಪ್ಯೂಟರಿನ ಹಾರ್ಡ್‌ವೇರ್ ಸೋತಿದೆಯೋ ವಿಂಡೋಸ್ ಕೆಟ್ಟಿದೆಯೋ ಎಂದು ಬಿಡಿಸಿ ನೋಡಲು ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಬರೆದುಕೊಳ್ಳಿ. ಹಳೇ ಲ್ಯಾಪ್‌ಟಾಪನ್ನು ಆ ಪೆನ್‌ಡ್ರೈವಿನಿಂದ ಬೂಟ್ ಮಾಡಿ. ಏನನ್ನೂ ಇನ್‌ಸ್ಟಾಲ್ ಮಾಡದೆ, ಹಾರ್ಡ್ ಡಿಸ್ಕ್ ಮುಟ್ಟದೆ ಅದು ಓಡುತ್ತದೆ. ಶುರುವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ತೆರೆದ ಮೇಲೆ ಬ್ರೌಸರಿನಲ್ಲಿ ಅರ್ಧ ಗಂಟೆ ಕೆಲಸ ಮಾಡಿ. ಚೆನ್ನಾಗಿ ಓಡಿದರೆ ಪ್ರೊಸೆಸರ್, ರ‍್ಯಾಮ್, ಫ್ಯಾನ್ ಎಲ್ಲ ಸರಿ ಇವೆ. ತಪ್ಪು ಹಾರ್ಡ್ ಡಿಸ್ಕಿನಲ್ಲಿ ಅಥವಾ ವಿಂಡೋಸಿನಲ್ಲಿ ಇದೆ. ಇಲ್ಲೂ ಅರ್ಧ ಗಂಟೆಗೆ ಕುಂಟಿದರೆ ಬಿಸಿ, ಚಾರ್ಜರ್ ಕಡೆ ವಾಪಸ್ ಹೋಗಿ.

ಫಾರ್ಮ್ಯಾಟ್ ಮಾಡಲೇಬೇಕಾದರೆ

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇಲ್ಲೊಂದು ಕಷ್ಟ ಇದೆ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟುಗಳಲ್ಲಿ ಮಾಡಿದ ಕಡತಗಳು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡಿನಲ್ಲಿ ಇಲ್ಲ. ಆ ಫಾಂಟ್ ಇದ್ದರಷ್ಟೇ ಅವು ಕನ್ನಡವಾಗಿ ಕಾಣುತ್ತವೆ. ಫಾರ್ಮ್ಯಾಟ್ ಆದ ಮೇಲೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕಡತ ಕೆಟ್ಟಿತು ಎಂದು ಅಳಿಸಿಬಿಟ್ಟವರೂ ಇದ್ದಾರೆ. ಕೆಟ್ಟಿರುವುದಿಲ್ಲ, ಫಾಂಟ್ ಹೋಗಿರುತ್ತದೆ. ಆದ್ದರಿಂದ ಮುಂಚೆಯೇ ವಿಂಡೋಸ್ ಫೋಲ್ಡರಿನ ಒಳಗಿರುವ ‘ಫಾಂಟ್ಸ್’ ಫೋಲ್ಡರಿನಿಂದ ನುಡಿ, ಬರಹದ ಫಾಂಟುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಅತ್ತಿಗೆಯ ವರ್ಷಗಟ್ಟಲೆ ಪ್ರಶ್ನೆಪತ್ರಿಕೆಗಳು ಉಳಿದದ್ದು ಹೀಗೆಯೇ.

ವಿಂಡೋಸಿನ ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ಓಡಿಸುವ ಕಳ್ಳದಾರಿ) ಮಾತ್ರ ಹಾಕಿಸಬೇಡಿ. ಅದನ್ನು ಹಾಕಲು ಸಾಮಾನ್ಯವಾಗಿ ಡಿಫೆಂಡರನ್ನೇ ಆಫ್ ಮಾಡುತ್ತಾರೆ. ಆ ಬಾಗಿಲಿನಿಂದ ಏನು ಬೇಕಾದರೂ ಒಳಗೆ ಬರಬಹುದು. ವಿಂಡೋಸ್ 8ರ ಕಾಲದಿಂದ ಲ್ಯಾಪ್‌ಟಾಪಿನ ಜೊತೆ ಬಂದ ಲೈಸೆನ್ಸಿನ ಕೀ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಮೊದಲೇ ವಿಂಡೋಸ್ 10 ಅಸಲಿಯಾಗಿ ಓಡುತ್ತಿದ್ದ ಯಂತ್ರಕ್ಕೆ ಅದೇ ಆವೃತ್ತಿ ಮತ್ತೆ ಹಾಕಿದರೆ, ನೆಟ್ಟಿಗೆ ಸೇರಿಸಿದ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ನಮ್ಮ ದೇಶದಲ್ಲಿ ಬಹಳಷ್ಟು ಲ್ಯಾಪ್‌ಟಾಪುಗಳಿಗೆ ಬಂದದ್ದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ಅಂಗಡಿಯವರು ‘ಪ್ರೊ’ ಹಾಕಿದರೆ ಆ ಲೈಸೆನ್ಸ್ ಹೊಂದುವುದಿಲ್ಲ, ಆಗ ಕ್ರ್ಯಾಕಿನ ಮಾತು ಬರುತ್ತದೆ. ನಿಮ್ಮದು ಯಾವುದು ಎಂದು ‘ಸಿಸ್ಟಮ್, ಅಬೌಟ್’ ಪುಟದ ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ.

ಯಾವುದಕ್ಕೆ ದುಡ್ಡು ಹಾಕಬೇಕು

ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಒಂದೇ ಒಂದು ಭಾಗ ಕೊಳ್ಳುವುದಾದರೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೊಳ್ಳಿ. ಹಳೇ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತದೆ. ಮನೆಗೆಲಸಕ್ಕೆ 240 ಜಿಬಿ ಸಾಕು. ನಾಲ್ಕೈದು ನಿಮಿಷ ತೆಗೆದುಕೊಳ್ಳುತ್ತಿದ್ದ ಬೂಟ್ ಅರ್ಧ ನಿಮಿಷದ ಸುತ್ತಮುತ್ತ ಬರುತ್ತದೆ. ಆಮೇಲೂ ಮೆಮೊರಿ 90 ದಾಟುತ್ತಿದ್ದರೆ ರ‍್ಯಾಮ್. ಈ ಕ್ರಮ ತಿರುಗಿಸಬೇಡಿ. ಬಿಸಿಯ ತೊಂದರೆ ಇದ್ದರೆ ಎಸ್‌ಎಸ್‌ಡಿ ಹಾಕಿಸಲು ಬಿಚ್ಚಿದಾಗಲೇ ಧೂಳು ತೆಗೆಸಿ ಪೇಸ್ಟ್ ಹಾಕಿಸಿಬಿಡಿ, ಎರಡು ಸಲ ಕೂಲಿ ಕೊಡುವುದು ತಪ್ಪುತ್ತದೆ. ಮದರ್‌ಬೋರ್ಡ್ ಹೋಗಿದ್ದರೆ ಅಥವಾ ಬ್ಯಾಟರಿ ಉಬ್ಬಿ ಕೀಬೋರ್ಡನ್ನೇ ಮೇಲೆತ್ತುತ್ತಿದ್ದರೆ ಲೆಕ್ಕ ಬೇರೆ. ಉಬ್ಬಿದ ಬ್ಯಾಟರಿ ಬೆಂಕಿ ಹಿಡಿಯಬಹುದು. ಅದನ್ನು ಬಳಸುವುದನ್ನು ಆ ಕ್ಷಣವೇ ನಿಲ್ಲಿಸಿ, ಚುಚ್ಚಬೇಡಿ, ಒತ್ತಬೇಡಿ.

ವಿಂಡೋಸಿನ ಪ್ರಶ್ನೆ ಉಳಿಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಎಂದು ಘೋಷಿಸಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಬೇಕು. 2014ರ ಯಂತ್ರಕ್ಕೆ ಆ ದಾರಿ ಇಲ್ಲ. ಅಡ್ಡದಾರಿಯಲ್ಲಿ ಹಾಕಬಹುದು, ಆದರೆ ದಿನನಿತ್ಯ ನೆಚ್ಚಿಕೊಳ್ಳುವ ಯಂತ್ರದಲ್ಲಿ ಅದು ಬೇಡ. ಭದ್ರತಾ ಅಪ್‌ಡೇಟ್ ಬಾರದ ವಿಂಡೋಸಿನಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ. ಬ್ರೌಸರ್, ಪತ್ರ, ವಿಡಿಯೊ ಕಾಲ್ ಇಷ್ಟೇ ಕೆಲಸ ಇರುವವರಿಗೆ ಲಿನಕ್ಸ್ ಮಿಂಟ್ ಸಲೀಸಾಗಿ ಆಗುತ್ತದೆ. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಇದ್ದರೆ ಹಾಯಾಗಿರುತ್ತದೆ. ಕನ್ನಡ ಟೈಪಿಂಗಿಗೆ ಕೀಬೋರ್ಡ್ ಪಟ್ಟಿಯಲ್ಲಿ ‘ಕಗಪ’ ವಿನ್ಯಾಸ ಸಿಗುತ್ತದೆ. ನುಡಿಯಲ್ಲಿ ಕೈ ಪಳಗಿದವರು ಹೊಸದಾಗಿ ಹೆಚ್ಚೇನೂ ಕಲಿಯಬೇಕಿಲ್ಲ. ಆದರೆ ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ಹಳೇ ಪ್ರಿಂಟರ್ ನೆಚ್ಚಿಕೊಂಡವರು ಪೆನ್‌ಡ್ರೈವಿನಿಂದ ಓಡಿಸುವಾಗಲೇ ಅವು ನಡೆಯುತ್ತವೆಯಾ ಎಂದು ನೋಡಿಕೊಳ್ಳಬೇಕು. ಪ್ರಿಂಟರಿನಿಂದ ಒಂದು ಹಾಳೆ ತೆಗೆದು ನೋಡದೆ ವಿಂಡೋಸ್ ಅಳಿಸಬೇಡಿ.

ಬಿಚ್ಚಿದ ಹಳೇ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಆಧಾರ್ ಪ್ರತಿ, ಪಾಸ್‌ಬುಕ್ ಫೋಟೊ ಎಲ್ಲ ಇರುತ್ತದೆ. ಮನೆಗೆ ತಂದು ಒಂದೆರಡು ತಿಂಗಳು ಮುಟ್ಟದೆ ಇಡಿ. ‘ಆ ಫೈಲ್ ಎಲ್ಲಿ ಹೋಯಿತು’ ಎಂಬ ಪ್ರಶ್ನೆ ಸಾಮಾನ್ಯವಾಗಿ ತಡವಾಗಿಯೇ ಬರುತ್ತದೆ. ಆಗ ಯುಎಸ್‌ಬಿ ಕೇಸಿಗೆ ಹಾಕಿ ತೆಗೆದುಕೊಳ್ಳಬಹುದು. ಎಲ್ಲ ಸಿಕ್ಕಿದೆ ಎಂದು ಖಾತ್ರಿಯಾದ ಮೇಲೆ ಪೂರ್ತಿ ಫಾರ್ಮ್ಯಾಟ್ ಮಾಡಿ. ಕ್ವಿಕ್ ಫಾರ್ಮ್ಯಾಟ್ ಅಲ್ಲ, ಆ ಟಿಕ್ ತೆಗೆದು ಮಾಡುವ ಫಾರ್ಮ್ಯಾಟ್. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ‘ಗುಡ್’ ಎಂದಿದ್ದರೆ ಫೋಟೊಗಳ ಎರಡನೇ ಪ್ರತಿ ಇಡಲು ಅದೇ ಡಿಸ್ಕ್ ಬಳಸಿ. ಒಂದೇ ಪ್ರತಿ ಮಾತ್ರ ಅದರಲ್ಲಿ ಇಡಬೇಡಿ.